ತಿಂಗಳಿಟ್ಟರೂ ಕೆಡದ ರೊಟ್ಟಿ

ಸಂಡೂರಿನಲ್ಲಿ ಬೆಳಗಿನ ಪಾಳಿಗೆ ಹೋಗುವವರು ನಸುಕಿನಲ್ಲೇ ಬಸ್ಸು ಹಿಡಿಯಬೇಕು. ದೋಣಿಮಲೈ, ದೇವಗಿರಿ ಕಡೆಯ ಗಣಿಗಳಿಗೆ ಒಂದಷ್ಟು ಮಂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇನ್ನಷ್ಟು ಮಂದಿ. ಅದೇ ಹೊತ್ತಿಗೆ ಮಕ್ಕಳ ಡಬ್ಬಿ ಕಟ್ಟಬೇಕು, ನೀರು ಬಂದರೆ ಹಿಡಿಯಬೇಕು, ಮನೆಯಾಕೆಯೂ ದುಡಿಯಲು ಹೊರಡುವವಳಾದರೆ ತಾನೂ ತಯಾರಾಗಬೇಕು. ಹಿಟ್ಟು ನಾದಿ ರೊಟ್ಟಿ ಬಡಿಯಲು ಪುರಸೊತ್ತೆಲ್ಲಿ? ಆದರೂ ಬುತ್ತಿಯಲ್ಲಿ ರೊಟ್ಟಿ ಇರುತ್ತದೆ. ಹೋದ ವಾರವೇ ಬೇಯಿಸಿ, ಒಣಗಿಸಿ, ಬಟ್ಟೆ ಸುತ್ತಿಟ್ಟ ಜೋಳದ ಖಡಕ್ ರೊಟ್ಟಿ. ಜೊತೆಗೆ ಒಂದು ಚಮಚ ಶೇಂಗಾ ಪುಡಿ, ಮೇಲೆ ಗಟ್ಟಿ ಮೊಸರು, ಒಂದು ಹಸಿ ಉಳ್ಳಾಗಡ್ಡಿ. ಐದು ನಿಮಿಷದಲ್ಲಿ ಊಟ ಸಿದ್ಧ.

ಮನೆಯ ಬೇಕಿಂಗ್ ಎಂದರೆ ಈಗ ಓವನ್, ಕೇಕ್, ಕ್ರೀಮು ನೆನಪಾಗುತ್ತವೆ. ಎಣ್ಣೆಯಿಲ್ಲದೆ, ಒಣ ಶಾಖದಲ್ಲಿ ಹಿಟ್ಟನ್ನು ಬೇಯಿಸಿ, ಅದರ ತೇವ ತೆಗೆದು, ಕೆಡದಂತೆ ಕಾದಿಡುವ ವಿದ್ಯೆ ಬಳ್ಳಾರಿ ಸೀಮೆಯ ಅಡುಗೆಮನೆಗಳಿಗೆ ತಲೆಮಾರುಗಳಿಂದ ಗೊತ್ತು. ಬಿಡುವಿಲ್ಲದ ಮನೆಗಳೇ ಕಂಡುಕೊಂಡ ವಿದ್ಯೆ ಇದು. ಸುಗ್ಗಿಯ ದಿನಗಳಲ್ಲಿ ಹೆಣ್ಣುಮಕ್ಕಳೂ ಗಂಡಸರ ಸಮಕ್ಕೆ ಹೊಲದಲ್ಲಿ ನಿಲ್ಲಬೇಕಿತ್ತು. ದಿನಕ್ಕೆ ಎರಡು ಹೊತ್ತು ಒಲೆ ಮುಂದೆ ಕೂರಲು ಆಗುತ್ತಿರಲಿಲ್ಲ. ಒಂದು ದಿನ ಕೂತು ರಾಶಿ ರೊಟ್ಟಿ ಬೇಯಿಸಿಟ್ಟರೆ ಹದಿನೈದು ದಿನ, ತೇವ ತಾಗದಿದ್ದರೆ ತಿಂಗಳವರೆಗೂ ಚಿಂತೆಯಿಲ್ಲ. ಹೊಲದ ಕೆಲಸ ಹೋಗಿ ಗಣಿ, ಕಾರ್ಖಾನೆ, ಅಂಗಡಿ, ಆಫೀಸು ಬಂದಿವೆ. ಅವಸರ ಹಾಗೇ ಇದೆ, ರೊಟ್ಟಿಯೂ ಹಾಗೇ ಇದೆ.

ಒಳ್ಳೆಯ ಖಡಕ್ ರೊಟ್ಟಿ ಹೊಲದಿಂದಲೇ ಶುರು. ರೊಟ್ಟಿಗೆ ಹೇಳಿ ಮಾಡಿಸಿದ್ದು ಹಿಂಗಾರಿನ ಬಿಳಿಜೋಳ, ಅದರಲ್ಲೂ ಮಾಲದಂಡಿ. ಮಹಾರಾಷ್ಟ್ರದ ಮೋಹೋಳದಲ್ಲಿ ಆಯ್ದು ಬೆಳೆಸಿದ ಎಂ 35-1 ಎಂಬ ಈ ತಳಿ ಹಲವು ದಶಕಗಳಷ್ಟು ಹಳೆಯದು. ಆಮೇಲೆ ಎಷ್ಟು ಹೊಸ ತಳಿಗಳು ಬಂದರೂ ರೊಟ್ಟಿಯ ಮಾತು ಬಂದಾಗ ಹೆಣ್ಣುಮಕ್ಕಳು ಕೇಳುವುದು ಇದನ್ನೇ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಲಿಗೆ ಬರುತ್ತದೆ. ಸಂಡೂರಿನ ಕಣಿವೆ ಕೆಮ್ಮಣ್ಣಿನದು, ಅದಿರಿನದು. ಎರೆ ಹೊಲಗಳು ಬೇಕೆಂದರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಬಯಲಿಗೆ ಹೋಗಬೇಕು. ಆ ಬಯಲಿನಲ್ಲೂ ಚಿತ್ರ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿ ಕಾಲುವೆಗಳಲ್ಲಿ ನೀರು ಹರಿದ ಮೇಲೆ ಕಂಪ್ಲಿ, ಸಿರುಗುಪ್ಪ, ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹಬ್ಬಿದವು. ಜೋಳ ಹಿಂದೆ ಸರಿಯಿತು. ತಟ್ಟೆಯಲ್ಲೂ ಅನ್ನದ ಪಾಲು ಹೆಚ್ಚಿತು. ಪಡಿತರದ ಅಕ್ಕಿಯೂ ಕೈಗೆ ಸಿಗುತ್ತದೆ. ಹೀಗಿದ್ದೂ ಇಲ್ಲಿಯ ಮನೆಗಳು ರೊಟ್ಟಿ ಬಿಟ್ಟಿಲ್ಲ ಎಂಬುದನ್ನು ನಾನು ದೊಡ್ಡ ಸಂಗತಿ ಎಂದೇ ಎಣಿಸುತ್ತೇನೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು ಇರುತ್ತದೆ. ರೊಟ್ಟಿ ಉಂಡವರಿಗೆ ಮಧ್ಯಾಹ್ನದ ತನಕ ಹಸಿವಾಗದಿರುವುದಕ್ಕೆ ಈ ನಾರೂ ಒಂದು ಕಾರಣ.

ಇನ್ನು ಕೈಕೆಲಸ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಅದು ಎಳೆದಂತೆ ಬರುತ್ತದೆ, ಯಾಕೆಂದರೆ ಅದರಲ್ಲಿ ಗ್ಲುಟೆನ್ ಇದೆ. ಜೋಳದಲ್ಲಿ ಅದಿಲ್ಲ. ತಣ್ಣೀರಲ್ಲಿ ಕಲಸಿ ತಟ್ಟಲು ಹೋದರೆ ಅಂಚು ಸೀಳುತ್ತದೆ, ಎತ್ತಿದರೆ ಮುರಿಯುತ್ತದೆ. ಅದಕ್ಕೇ ಕುದಿಯುವ ಎಸರು ಬೇಕು. ಪರಾತದಲ್ಲಿ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಮಳಮಳ ಕುದಿಯುವ ನೀರು ಹೊಯ್ದು ಸಟುಗದಿಂದ ತಿರುವುತ್ತಾರೆ. ಆ ಬಿಸಿಗೆ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಅಂಟೇ ಮಾಡುತ್ತದೆ. ಸ್ವಲ್ಪ ಹೊತ್ತು ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಯಾದಾಗ ಒಣಹಿಟ್ಟು ಬೆರೆಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದಿದಷ್ಟೂ ರೊಟ್ಟಿ ತೆಳ್ಳಗಾಗುತ್ತದೆ. ಅನೇಕ ಮನೆಗಳಲ್ಲಿ ಇದಕ್ಕೆ ಉಪ್ಪನ್ನೂ ಹಾಕುವುದಿಲ್ಲ.

ಹಿಟ್ಟು ಹೊಸದಾಗಿ ಬೀಸಿಸಿದ್ದಾಗಿರಬೇಕು. ಬೀಸಿ ಬಹಳ ದಿನವಾದರೆ ಜಿಗಿ ಹೋಗುತ್ತದೆ, ಒಂದು ಬಗೆಯ ಕಹಿಯೂ ಬರುತ್ತದೆ. ಜೋಳದೊಳಗಿನ ಕೊಬ್ಬಿನಂಶ ಗಾಳಿಗೆ ಕೆಡುವುದರ ಫಲ ಅದು. ಅದಕ್ಕೇ ಅನುಭವಸ್ಥರು ಕಾಳನ್ನು ಚೀಲಗಟ್ಟಲೆ ಇಟ್ಟುಕೊಂಡರೂ ಗಿರಣಿಗೆ ಒಯ್ಯುವುದು ಎಂಟು ಹತ್ತು ದಿನಕ್ಕೆ ಬೇಕಾದಷ್ಟನ್ನೇ. ಹೊಸದಾಗಿ ಕಲಿಯುವವರ ರೊಟ್ಟಿ ಒಡೆದರೆ ಕೈಯನ್ನು ಬೈಯುವ ಮೊದಲು ಹಿಟ್ಟು ಯಾವತ್ತಿನದು ಎಂದು ಕೇಳುವುದು ಒಳ್ಳೆಯದು.

ಉಂಡೆ ಹಿಡಿದು, ಕೆಳಗೆ ಒಣಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರೆ ರೊಟ್ಟಿ ತಾನಾಗಿ ತಿರುಗುತ್ತಿರುತ್ತದೆ. ಪ್ರತಿ ಏಟಿಗೂ ಅಂಗೈ ಅದನ್ನು ಒಂದಿಷ್ಟು ಸರಿಸುತ್ತದೆ; ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಪಕ್ಕದ ಮನೆಯವರಿಗೂ ಕೇಳುವ ಆ ಸದ್ದಿನಲ್ಲಿ ಲಯ ತಪ್ಪಿದರೆ ರೊಟ್ಟಿಯ ದಪ್ಪದಲ್ಲೂ ತಪ್ಪುತ್ತದೆ. ಹಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಮೈ ಮೇಲಕ್ಕೆ ಬರಬೇಕು. ಕೂಡಲೇ ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರುತ್ತಾರೆ: ಉಳಿದ ಹಿಟ್ಟು ತೊಳೆದುಹೋಗಿ ಮೈ ಬಿರಿಯದಿರಲಿ ಎಂದು. ನೀರು ಆರಿದೊಡನೆ ಮಗುಚಬೇಕು. ಎರಡೂ ಮೈ ಬಿಗಿದ ಮೇಲೆ ಒಳಗಿನ ತೇವ ಹಬೆಯಾಗಿ ರೊಟ್ಟಿ ಎರಡು ಪದರಾಗಿ ಉಬ್ಬುತ್ತದೆ.

ಮೆತ್ತನೆಯ ರೊಟ್ಟಿಯ ಕೆಲಸ ಇಲ್ಲಿಗೆ ಮುಗಿಯುತ್ತದೆ. ಖಡಕ್ ರೊಟ್ಟಿಯ ಅಸಲು ಕೆಲಸ ಇಲ್ಲಿಂದ ಮುಂದೆ. ಇದನ್ನು ಮೊದಲೇ ಇನ್ನೂ ತೆಳ್ಳಗೆ, ಅಂಚಿಂದ ಅಂಚಿಗೆ ಒಂದೇ ದಪ್ಪವಾಗಿ ಬಡಿದಿರಬೇಕು. ನಡುವೆ ದಪ್ಪ ಉಳಿದರೆ ಅಲ್ಲಿ ತೇವ ಕೂತು ನಾಲ್ಕೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಮಡಿಸಿದ ಬಟ್ಟೆಯಿಂದ ಹಂಚಿನ ಮೇಲೆ ಒತ್ತುತ್ತಾ, ಸುತ್ತಲೂ ತಿರುಗಿಸುತ್ತಾ, ಉರಿ ಇಳಿಸಿ ನಿಧಾನಕ್ಕೆ ಒಣಗಿಸುತ್ತಾರೆ. ಅವಸರ ಮಾಡಿ ಉರಿ ಏರಿಸಿದರೆ ಮೇಲೆ ಕಪ್ಪು ಚುಕ್ಕೆ, ಒಳಗೆ ಹಸಿ. ಕಟ್ಟಿಗೆ ಒಲೆಯಿದ್ದ ಮನೆಗಳಲ್ಲಿ ಹಂಚಿನಿಂದ ಇಳಿಸಿದ್ದನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ಕೆಂಡದ ಕಾವಿಗೆ ಉಳಿದ ತೇವವನ್ನೂ ಕಳೆಯುತ್ತಾರೆ. ಪೂರ್ತಿ ಆರುವವರೆಗೆ ಒಂದರ ಮೇಲೊಂದು ಪೇರಿಸುವಂತಿಲ್ಲ. ಬಿಸಿಯಿದ್ದಾಗ ಪೇರಿಸಿದರೆ ಹಬೆ ನೀರಾಗಿ ಅಷ್ಟೂ ಶ್ರಮ ಹಾಳು. ಸರಿಯಾಗಿ ಬೆಂದು ಆರಿದ ರೊಟ್ಟಿಯನ್ನು ಬೆರಳಿಂದ ತಟ್ಟಿದರೆ ಹಪ್ಪಳದ ಸದ್ದು ಬರಬೇಕು.

ಈ ಸೀಮೆಯ ಹಬ್ಬಗಳಲ್ಲೂ ಮೊದಲೇ ಬೇಯಿಸಿಡುವ ಲೆಕ್ಕ ಇದೆ. ನಾಗರಪಂಚಮಿಯ ದಿನ ಅನೇಕ ಮನೆಗಳಲ್ಲಿ ಒಲೆಗೆ ಹಂಚು ಇಡುವುದಿಲ್ಲ. ಅದಕ್ಕೆ ಮುಂಚೆ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಗೆಬಗೆಯ ಪಲ್ಯ, ಪುಡಿ ಮಾಡಿ ನೆರೆಹೊರೆಗೆ ಬೀರುತ್ತಾರೆ. ಯಾರ ಮನೆಯ ರೊಟ್ಟಿ ಎಷ್ಟು ತೆಳ್ಳಗಿದೆ ಎಂಬುದು ಅವತ್ತು ಇಡೀ ಓಣಿಗೆ ಗೊತ್ತಾಗುತ್ತದೆ. ಜನವರಿಯ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗಂತೂ ಸುತ್ತಲ ಹಳ್ಳಿಗಳು ವಾರಗಟ್ಟಲೆ ರೊಟ್ಟಿ ಬೇಯಿಸಿ, ಬಂಡಿ ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಮಠದ ದಾಸೋಹಕ್ಕೆ ಒಪ್ಪಿಸುತ್ತವೆ. ಮೆತ್ತನೆಯ ರೊಟ್ಟಿಯಾಗಿದ್ದರೆ ಅಷ್ಟು ದೊಡ್ಡ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಕೂಡಿಸುವುದು ಸಾಧ್ಯವೇ ಇರಲಿಲ್ಲ.

ರೊಟ್ಟಿಯ ಸಂಗಾತಿಗಳೂ ಅಷ್ಟೇ ದೂರದೃಷ್ಟಿಯವು. ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ಉಜ್ಜಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೆಂಪು ಖಾರದ ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುಟ್ಟಿದರೆ ಶೇಂಗಾ ಪುಡಿ. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲವಾದರೆ ಮುದ್ದೆಯಾಗುತ್ತದೆ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವಷ್ಟೇ ಹುರಿಯಬೇಕು. ಒಂದು ಕ್ಷಣ ಹೆಚ್ಚಾದರೂ ಕಹಿ. ಅಗಸಿ, ಪುಟಾಣಿ ಪುಡಿಗಳದ್ದೂ ಇದೇ ದಾರಿ. ಚಳಿಗಾಲ ಕಳೆಯುವ ಹೊತ್ತಿಗೆ ಬಳ್ಳಾರಿ ಸೀಮೆಯ ಹೊಲಗಳಿಂದ ಹಣ್ಣು ಮೆಣಸಿನಕಾಯಿ ಬಂದಾಗ ಉಪ್ಪು, ಹುಣಸೆ, ಮೆಂತ್ಯ, ಬೆಳ್ಳುಳ್ಳಿ ಸೇರಿಸಿ ಅರೆದಿಟ್ಟ ಕೆಂಪು ಚಟ್ನಿ ತಿಂಗಳುಗಟ್ಟಲೆ ಬಾಳುತ್ತದೆ.

ಅಡುಗೆಗೆ ಹೊಸಬರಿಗೆ ಒಂದು ಮಾತು ಹೇಳಬೇಕು: ಈ ಪುಡಿಗಳು ಬರೀ ನೆಂಚಿಕೊಳ್ಳಲಿಕ್ಕಲ್ಲ. ಎಳೆ ಬದನೇಕಾಯಿ ಸೀಳಿ, ಎರಡು ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳು ಪುಡಿಗೆ ಹುಣಸೆ ರಸ, ಚೂರು ಬೆಲ್ಲ ಕಲಸಿ ತುಂಬಿದರೆ ಎಣ್ಣೆಗಾಯಿಯ ಮಸಾಲೆ ಆಗಿಯೇಹೋಯಿತು. ಹೀರೇಕಾಯಿಯೋ ಮೊಳಕೆ ಕಾಳೋ ಬೇಯುವಾಗ ಕೊನೆಯಲ್ಲಿ ಒಂದು ಚಮಚ ಉದುರಿಸಿದರೆ ಪಲ್ಯಕ್ಕೆ ಮೈ ಬರುತ್ತದೆ. ಭಾನುವಾರ ಒಂದು ತಾಸು ಕೂತು ಎರಡು ಬಗೆ ಪುಡಿ ಮಾಡಿಟ್ಟುಕೊಂಡವರಿಗೆ ವಾರದ ಅಡುಗೆ ಅರ್ಧ ಮುಗಿದಂತೆ.

ಓವನ್ ಕೊಂಡಿರುವ, ಇಲ್ಲವೇ ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಶಿಳ್ಳೆ ತೆಗೆದು ಕೇಕು ಬೇಯಿಸುವ ಹುಡುಗಿಯರು ಈಗ ಹೊಸಪೇಟೆ, ಸಂಡೂರಿನಲ್ಲೂ ಬೇಕಾದಷ್ಟಿದ್ದಾರೆ. ಅವರು ಜೋಳವನ್ನು ಬಿಡಬೇಕಾಗಿಲ್ಲ. ಬರೀ ಜೋಳದ ಹಿಟ್ಟಿನ ಕೇಕು ಉದುರಿಹೋಗುತ್ತದೆ, ನಿಜ. ನಾನ್‌ಖಟಾಯಿಗೆ ಬೇಕಾದದ್ದು ಆ ಉದುರುವ ಗುಣವೇ. ಅರ್ಧ ಜೋಳದ ಹಿಟ್ಟು, ಅರ್ಧ ಗೋಧಿ ಹಿಟ್ಟು, ಹಿಡಿಯುವಷ್ಟು ತುಪ್ಪ, ಪುಡಿ ಸಕ್ಕರೆ, ಏಲಕ್ಕಿ ಕಲಸಿ 170 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿದರೆ ಬಾಯಲ್ಲಿಟ್ಟೊಡನೆ ಕರಗುತ್ತದೆ.

ಆದರೆ ಈ ವಿದ್ಯೆಗೆ ಸಲ್ಲಬೇಕಾದ ಬೆಲೆ ಸಲ್ಲುತ್ತಿದೆಯೇ? ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರು ಹೊಲಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸೂಜಿ ಹಿಡಿದ ಕೈಗೆ ಸಂದ ಈ ಗೌರವ ಸಂತೋಷದ್ದು. ಸೂಜಿ ಕೆಳಗಿಟ್ಟು ಮನೆಗೆ ಹೋದ ಮೇಲೆ ಹಿಟ್ಟು ನಾದುವುದೂ ಅಂಥವೇ ಕೈಗಳು. ಆ ಕೆಲಸವನ್ನು ಮಾತ್ರ ಯಾರೂ ಕುಶಲಕಲೆ ಎಂದು ಕರೆಯುವುದಿಲ್ಲ. ಕಸೂತಿಯಷ್ಟೇ ವರ್ಷ ಕಲಿತರೂ ರೊಟ್ಟಿ ಬರೀ ಮನೆಗೆಲಸ ಎನಿಸಿಕೊಳ್ಳುತ್ತದೆ, ಮಾರುವಾಗ ಒಂದೊಂದು ರೂಪಾಯಿಗೂ ಚೌಕಾಸಿ ನಡೆಯುತ್ತದೆ.

ದಾರಿ ಇಲ್ಲದಿಲ್ಲ. ಕಲಬುರಗಿಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ರೊಟ್ಟಿ ಮಾರುತ್ತಿದ್ದಾರೆ; 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲೂ ಅವರ ಮಾತು ಬಂತು. ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ಮನೆಯಲ್ಲೇ ಬೇಯಿಸಿ ಖಾನಾವಳಿಗೆ, ಅಂಗಡಿಗೆ, ಬೆಂಗಳೂರಿನಲ್ಲಿ ಓದುವ ಮಕ್ಕಳ ಮನೆಗಳಿಗೆ ರೊಟ್ಟಿ ಕೊಡುವ ಹೆಣ್ಣುಮಕ್ಕಳಿಗೆ ಇಂಥದೊಂದು ಆಸರೆ ಬೇಕು. ಹಂಪಿಗೆ ಬರುವ ಪ್ರವಾಸಿ ಕಲ್ಲಿನ ರಥ ನೋಡಿ ಕಮಲಾಪುರದ ದಾರಿಯಲ್ಲಿ ಚಿಪ್ಸ್ ಪ್ಯಾಕೆಟ್ಟು ಕೊಳ್ಳುತ್ತಾನೆ. ಅವನ ಕೈಗೆ ಹತ್ತು ರೊಟ್ಟಿಯ ಒಂದು ಕಟ್ಟು, ಒಂದು ಪುಡಿ ಪೊಟ್ಟಣ ಸಿಗುವಂತೆ ಮಾಡುವುದು ಅಸಾಧ್ಯದ ಕೆಲಸವಲ್ಲ.

ಯಂತ್ರದ ಬಗ್ಗೆ ನನ್ನದು ಸರಳ ನಿಲುವು. ನಾದಲು, ಒತ್ತಲು ಯಂತ್ರ ಬಂದರೆ ಬರಲಿ. ದಿನಕ್ಕೆ ನೂರಾರು ರೊಟ್ಟಿ ಬಡಿಯುವವರ ಭುಜ, ಮಣಿಕಟ್ಟು ನೋಯುತ್ತವೆ. ಕಟ್ಟಿಗೆ ಹೊಗೆ ಕಣ್ಣು, ಪುಪ್ಪುಸ ಎರಡನ್ನೂ ತಿನ್ನುತ್ತದೆ. ಆ ನೋವಿನಲ್ಲಿ ರುಚಿ ಹುಡುಕುವುದು ತಪ್ಪು. ಎಸರಿನ ಹದ, ಒಣಗಿಸುವ ತಾಳ್ಮೆ, ಹಿಟ್ಟಿನ ತಾಜಾತನ ಇವನ್ನು ಬಿಟ್ಟುಕೊಡದಿದ್ದರೆ ಯಂತ್ರದ ರೊಟ್ಟಿಯೂ ಒಳ್ಳೆಯದೇ ಆಗುತ್ತದೆ.

ಕೊಳ್ಳುವವರು ಕಟ್ಟನ್ನು ಬೆಳಕಿಗೆ ಹಿಡಿದು ನೋಡಬೇಕು. ನಡುವೆ ದಟ್ಟ ಮಚ್ಚೆಯಂತೆ ಕಂಡರೆ ಅಲ್ಲಿ ದಪ್ಪ ಉಳಿದಿದೆ. ಮಳೆಗಾಲದಲ್ಲಿ ಮೆತ್ತಗಾದರೆ ಬಿಸಿ ಹಂಚಿನ ಮೇಲೆ ಅರ್ಧ ನಿಮಿಷ ಇಟ್ಟರೆ ಮತ್ತೆ ಗರಿಗರಿ. ಕಟ್ಟಿನ ತಳದಲ್ಲಿ ಉಳಿಯುವ ಚೂರುಗಳನ್ನು ಎಸೆಯಬೇಡಿ. ಮಜ್ಜಿಗೆ ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಹೊರಳಿಸಿದರೆ ಮರುದಿನದ ನಾಷ್ಟಾ. ಮಕ್ಕಳಿರುವ ಮನೆಯಲ್ಲಿ ಅವೇ ಚೂರುಗಳನ್ನು ಬಿಸಿ ಹಾಲು, ಬೆಲ್ಲದಲ್ಲಿ ನೆನೆಸಿ ಕೊಡುತ್ತಾರೆ. ಮೇಲೆ ಒಂದು ಚಮಚ ತುಪ್ಪ ಇದ್ದರೆ ಇನ್ನೂ ಚೆನ್ನ.