ಎಂಜಿನ್ ಇಲ್ಲದ ಗಾಡಿಗೂ ಸರ್ವಿಸ್ ಬೇಕು!

ಆಯುಧಪೂಜೆ ಬಂತೆಂದರೆ ಊರಲ್ಲಿ ಟ್ರ್ಯಾಕ್ಟರ್‌ಗೆ ಸ್ನಾನ, ಅರಿಶಿನ-ಕುಂಕುಮ, ಚೆಂಡುಹೂವಿನ ಹಾರ, ಬಾಳೆಕಂದು. ಹಿಂದಿರೋ ಟ್ರೇಲರ್‌ಗೆ? ಉಳಿದ ನೀರು ಎರಚಿ, ಒಂದು ಬೊಟ್ಟು ಇಟ್ಟರೆ ಮುಗೀತು. ವರ್ಷವಿಡೀ ಇದೇ ಕತೆ. ಟ್ರ್ಯಾಕ್ಟರ್‌ಗೆ ಗಂಟೆ ಲೆಕ್ಕ ಹಾಕಿ ಆಯಿಲ್ ಬದಲಿಸ್ತೀವಿ. ಟ್ರೇಲರ್ ಮಾತ್ರ ರಸ್ತೆಯಲ್ಲಿ ಕೈಕೊಟ್ಟ ದಿನವೇ ನೆನಪಾಗುತ್ತೆ.

ಕಾರಣ ಸರಳ. ಅದಕ್ಕೆ ಎಂಜಿನ್ ಇಲ್ಲ. ಹೊಗೆ ಬರಲ್ಲ, ಮೀಟರ್‌ನಲ್ಲಿ ಕೆಂಪು ದೀಪ ಉರಿಯಲ್ಲ. ಆದರೆ ಟನ್‌ಗಟ್ಟಲೆ ಕಬ್ಬು, ಗೊಬ್ಬರ, ಇಟ್ಟಿಗೆ ಹೊರುವುದು ಅದೇ ತಾನೇ? ತಾನಾಗಿ ಏನೂ ಹೇಳದ ಗಾಡಿಯನ್ನು ನಾವೇ ಹೋಗಿ ವಿಚಾರಿಸಬೇಕು. ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿರೋ ನೀವು ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ದಿನ ಕೊಟ್ಟರೆ ಸಾಕು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆಯವರಾದರೆ ಕಬ್ಬಿನ ಸೀಸನ್ ಶುರುವಾಗೋ ಮುಂಚೆ ಇದನ್ನು ಮುಗಿಸಿಬಿಡಿ.

ಮೊದಲು ಹಬ್ ನೋಡಿ

ಟ್ರೇಲರ್‌ನ ಜೀವ ಇರೋದು ಚಕ್ರದ ಹಬ್‌ನಲ್ಲಿ. ಪ್ರತಿ ಹಬ್‌ನೊಳಗೆ ಸಾಮಾನ್ಯವಾಗಿ ಎರಡು ಬೇರಿಂಗ್ ಇರ್ತವೆ. ಅವುಗಳ ಆಹಾರ ಗ್ರೀಸ್. ಹಳ್ಳ ದಾಟುವಾಗ, ಕೆಸರುಗದ್ದೆಗೆ ಇಳಿದಾಗ ಸವೆದ ಸೀಲ್ ಮೂಲಕ ನೀರು ಒಳಗೆ ಹೋಗುತ್ತೆ. ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ.

ಪರೀಕ್ಷೆ ಸುಲಭ. ಲೋಡ್ ಹೊತ್ತು ಬಂದ ಕೂಡಲೇ ಕೈಯ ಹಿಂಭಾಗವನ್ನು ಎಲ್ಲ ಹಬ್‌ಗಳ ಹತ್ತಿರ ಹಿಡಿದು ನೋಡಿ. ಒಂದೇ ಹಬ್ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಅಲ್ಲೇನೋ ತೊಂದರೆ ಇದೆ. ಆಮೇಲೆ ಖಾಲಿ ಟ್ರೇಲರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ. ಬರೀ ಜಾಕ್ ನಂಬಬೇಡಿ, ಆ್ಯಕ್ಸಲ್ ಕೆಳಗೆ ಗಟ್ಟಿ ಆಸರೆ ಇರಲಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ, ಕೈಯಲ್ಲೇ ತಿರುಗಿಸಿ. ಲಟಲಟ ಅಂದರೆ ಸಡಿಲ. ಗರಗರ ಅಂದರೆ ಬೇರಿಂಗ್ ಹೋಗಿದೆ.

ವರ್ಷಕ್ಕೊಮ್ಮೆ ಹಬ್ ಬಿಚ್ಚಿಸಿ, ಹಳೇ ಗ್ರೀಸ್ ಪೂರ್ತಿ ತೊಳೆದು, ಹೊಸದು ತುಂಬಿಸಿ. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸ್ ಸುರಿಯಬೇಡಿ, ಎರಡೂ ಹೊಂದದಿದ್ದರೆ ತೆಳ್ಳಗಾಗಿ ಹೊರಗೆ ಹರಿದುಬಿಡುತ್ತೆ. ಸೀಲ್ ಮತ್ತು ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಇರಲಿ. ಮೊದಲ ಸಲ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಕಲಿತುಕೊಳ್ಳಿ. ನಟ್ ಎಷ್ಟು ಬಿಗಿ ಇರಬೇಕು ಅನ್ನೋದು ಕೈಗೆ ಸಿಗುವ ಪಾಠ. ಅತಿ ಬಿಗಿಯಾದರೂ ಬೇರಿಂಗ್ ಕಾದು ಸಾಯುತ್ತೆ. ಆ ಬೇರಿಂಗ್ ಕಚ್ಚಿಕೊಂಡರೆ ಆ್ಯಕ್ಸಲ್ ತುದಿಯನ್ನೇ ತಿಂದುಹಾಕುತ್ತೆ, ಕೆಲವು ಸಲ ಚಕ್ರವೇ ಕಳಚಿ ಹೋಗುತ್ತೆ.

ಟೈರ್‌ಗೂ ವಯಸ್ಸಿದೆ

ಟ್ರೇಲರ್ ಟೈರ್ ಓಡಿ ಸವೆಯೋದಕ್ಕಿಂತ ನಿಂತು ಹಾಳಾಗೋದೇ ಜಾಸ್ತಿ. ಬಿಸಿಲಿಗೆ ರಬ್ಬರ್ ಒಣಗಿ ಪಕ್ಕದ ಗೋಡೆ ಬಿರುಕು ಬಿಡುತ್ತೆ. ಸಾಮಾನ್ಯವಾಗಿ ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಕೋಡ್ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು ಎಂದರ್ಥ. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವಾಗ ಇದನ್ನು ನೋಡದೆ ದುಡ್ಡು ಕೊಡಬೇಡಿ.

ಗಾಳಿಯನ್ನು ಕಾಲಲ್ಲಿ ಒದ್ದು ಅಂದಾಜು ಮಾಡುವ ಅಭ್ಯಾಸ ಬಿಡಿ, ಗೇಜ್ ಬಳಸಿ. ಕಡಿಮೆ ಗಾಳಿಯ ಟೈರ್ ಲೋಡಿನಡಿ ಬಗ್ಗಿ ಬಗ್ಗಿ ಕಾದು ಒಡೆಯುತ್ತೆ. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್‌ಗಳನ್ನು ಒಂದರ ಪಕ್ಕ ಒಂದರಂತೆ ಅಲ್ಲ, ಎದುರುಬದುರಾಗಿ ಬಿಗಿಮಾಡಿ. ಒಂದು ಲೋಡ್ ಹೊಡೆದ ಮೇಲೆ ಮತ್ತೊಮ್ಮೆ ಚೆಕ್ ಮಾಡಿ.

ಪಿನ್ ಬದಲು ಸರಳು ಬೇಡ

ಟ್ರ್ಯಾಕ್ಟರ್-ಟ್ರೇಲರ್ ಸಂಬಂಧ ನಿಂತಿರೋದು ಒಂದು ಪಿನ್ ಮೇಲೆ. ಅದು ಕಳೆದುಹೋದಾಗ ಕೈಗೆ ಸಿಕ್ಕ ಕಬ್ಬಿಣದ ಸರಳು ತೂರಿಸೋದು ಎಷ್ಟೋ ಕಡೆ ನಡೆಯುತ್ತೆ. ಅದು ಬಗ್ಗುತ್ತೆ, ಇಲ್ಲವೇ ಹಾರಿ ಹೋಗುತ್ತೆ. ಸರಿಯಾದ ಅಳತೆಯ ಪಿನ್, ಅದಕ್ಕೊಂದು ಲಾಕ್, ಜೊತೆಗೆ ಸುರಕ್ಷತಾ ಚೈನ್ ಇರಲೇಬೇಕು. ಕೊಂಡಿಯ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆಯಾ ನೋಡಿ. ಸ್ಪ್ರಿಂಗ್ ಪಟ್ಟಿ ಇದ್ದರೆ ಯು-ಬೋಲ್ಟ್ ಬಿಗಿಮಾಡಿ. ಹೈಡ್ರಾಲಿಕ್ ಟ್ರೇಲರ್ ಆಗಿದ್ದರೆ ಪೈಪ್ ಬಿರುಕು ಬಿಟ್ಟಿದೆಯಾ ಗಮನಿಸಿ. ಎತ್ತಿ ನಿಲ್ಲಿಸಿದ ಬಾಡಿ ಕೆಳಗೆ ಗಟ್ಟಿ ಆಸರೆ ಕೊಡದೆ ತಲೆ ಹಾಕಲೇಬೇಡಿ.

ತುಕ್ಕಿನ ಗೆಳೆಯ ಯೂರಿಯಾ

ರಸಗೊಬ್ಬರದ ಉಪ್ಪು ಗಾಳಿಯ ತೇವ ಹೀರಿಕೊಂಡು ತಗಡನ್ನು ತಿನ್ನುತ್ತೆ. ತಿಪ್ಪೆಗೊಬ್ಬರ, ಕಬ್ಬಿನ ರಸವೂ ಅಷ್ಟೇ. ಗೊಬ್ಬರ ಸಾಗಿಸಿದ ದಿನವೇ ಮೂಲೆಮೂಲೆ ಗುಡಿಸಿ, ತೊಳೆದು, ಒಣಗಿಸಿ. ತುಕ್ಕು ಕಂಡಲ್ಲಿ ವೈರ್ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಅದರ ಮೇಲೆ ಪೇಂಟ್ ಹಚ್ಚಿ. ತುಕ್ಕಿನ ಮೇಲೇ ಪೇಂಟ್ ಬಳಿದರೆ ಒಳಗೊಳಗೇ ತಿನ್ನುತ್ತಾ ಹೋಗುತ್ತೆ. ಮಳೆಗಾಲದಲ್ಲಿ ನೆರಳಿಲ್ಲದಿದ್ದರೆ ನೀರು ನಿಲ್ಲದ ಹಾಗೆ ಸ್ವಲ್ಪ ವಾಲಿಸಿ ನಿಲ್ಲಿಸಿ, ಹಿಂಬಾಗಿಲು ತೆಗೆದಿಡಿ.

ಹಿಂದಿನವರಿಗೆ ಕಾಣಲಿ

ಕೊನೆಯದು ಅತಿ ಅಗ್ಗ, ಆದರೆ ಅತಿ ಮುಖ್ಯ. ರಾತ್ರಿ ಕಬ್ಬು ತುಂಬಿದ ಟ್ರೇಲರ್ ಕತ್ತಲಲ್ಲಿ ಒಂದು ಕಪ್ಪು ಗೋಡೆ. ಪಂಚರ್ ಆಗಿ ರಸ್ತೆ ಬದಿ ನಿಂತರಂತೂ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಹತ್ತಿರ ಬರುವವರೆಗೂ ಕಾಣೋದೇ ಇಲ್ಲ. ಹಿಂದೆ ಕೆಂಪು ರಿಫ್ಲೆಕ್ಟರ್, ಪಕ್ಕಕ್ಕೆ ರೇಡಿಯಂ ಪಟ್ಟಿ, ಉರಿಯುವ ಟೈಲ್ ಲೈಟ್ ಹಾಕಿಸಿ. ಜೋತುಬಿದ್ದ ಕಬ್ಬು ಇವನ್ನು ಮುಚ್ಚದಿರಲಿ. ಧೂಳು ಕೂತರೂ ಅವು ಹೊಳೆಯಲ್ಲ, ಒರೆಸುತ್ತಿರಿ.

ಇಷ್ಟೆಲ್ಲ ಮಾಡಿ ಮಿತಿಮೀರಿ ಲೋಡ್ ಹೇರಿದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದು ಟ್ರಿಪ್ ಉಳಿಸಲು ಹೋಗಿ ಚಾಸಿಸ್ ಸೀಳಿಸಿಕೊಳ್ಳಬೇಡಿ.

ಗ್ರೀಸ್ ತುಂಬಿಸಿದ ದಿನಾಂಕವನ್ನು ಚಾಸಿಸ್ ಮೇಲೆ ಬಿಳಿ ಪೇಂಟ್‌ನಲ್ಲಿ ಬರೆದಿಡಿ, ಫೋನ್‌ನಲ್ಲೂ ರಿಮೈಂಡರ್ ಇಡಿ. ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ, ಮಳೆ ಹೆಂಗದೆ" ಅಂತ ಕೇಳಿದ ಮೇಲೆ ಇನ್ನೊಂದು ಮಾತು ಸೇರಿಸಿ: "ಅಪ್ಪಾ, ಲೋಡ್ ಹೊಡ್ಕೊಂಡು ಬಂದ್ಮೇಲೆ ಹಬ್ ಕಾದಿತ್ತಾ ನೋಡಿದ್ಯಾ?"