ಬೀಗ ಒಡೆದ ತಂತ್ರಾಂಶ

ಗದಗವನ್ನು ಮುದ್ರಣ ಕಾಶಿಯೆಂದು ಕರೆಯುವುದು ರೂಢಿ. ಅಚ್ಚುಮೊಳೆ ಜೋಡಿಸುತ್ತಿದ್ದ ಕೈಗಳು ಕೀಲಿಮಣೆಗೆ ಒಗ್ಗಿ ದಶಕಗಳೇ ಸಂದವು. ಇಂದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಲಗ್ನಪತ್ರಿಕೆ, ಫೋಟೋ ಆಲ್ಬಮ್, ಹಬ್ಬದ ಕರಪತ್ರಗಳು ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತವೆ. ಆದರೆ ಅದರೊಳಗಿನ ತಂತ್ರಾಂಶವನ್ನು ಹಣ ತೆತ್ತು ಕೊಂಡವರೆಷ್ಟು ಮಂದಿ? ಕೇಳಿದರೆ ‘ಕ್ರ್ಯಾಕ್ ಹಾಕೇವ್ರಿ’ ಎಂಬ ನಿಸ್ಸಂಕೋಚದ ಉತ್ತರ. ನಾವೂ ಒಂದು ಕಾಲದಲ್ಲಿ ಅಂಥ ಪ್ರತಿಯಲ್ಲಿಯೇ ಪುಟ ಕಟ್ಟಿದವರೆಂಬುದನ್ನು ವಾಚಕರಿಂದ ಮುಚ್ಚಿಡಲಾರೆವು.

ಕ್ರ್ಯಾಕ್ ಮಾಡಿದವನು ಮೊದಲು ಹೇಳುವುದು ‘ವೈರಸ್ ತಡೆಯನ್ನು ನಿಲ್ಲಿಸಿ’ ಎಂದು. ಕಳ್ಳನ ಮಾತು ಕೇಳಿ ಕಾವಲುಗಾರನನ್ನು ಮನೆಗೆ ಕಳುಹಿಸಿದಂತಾಯಿತು! ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ಸುಲಿಗೆ ತಂತ್ರಾಂಶ ಲೋಕದಾದ್ಯಂತ ಹಬ್ಬಿದ್ದು ಬಹುಪಾಲು ಇದೇ ಬಾಗಿಲಿನಿಂದ. ಅದು ಕಡತಗಳಿಗೆಲ್ಲ ಬೀಗ ಜಡಿದು 980 ಡಾಲರ್ ಕೇಳುತ್ತಿತ್ತು; 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ರಿಯಾಯಿತಿಯಂತೆ. ಕೊಟ್ಟರೂ ಕೀಲಿ ಸಿಗುವ ಭರವಸೆಯಿಲ್ಲ. ಲಗ್ನಸರಾಯಿಯ ನಡುವೆ ಹೀಗಾದರೆ, ಯಾರದೋ ಮಗಳ ಮದುವೆಯ ಚಿತ್ರಗಳನ್ನು ಸ್ಟುಡಿಯೋದವನು ಎಲ್ಲಿಂದ ತಂದಾನು?

ಕಾನೂನೂ ಇದೆ. ಹಕ್ಕುಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 63ಬಿ ಕಲಮಿನಂತೆ, ಗೊತ್ತಿದ್ದೂ ಕಳ್ಳಪ್ರತಿ ಬಳಸುವವನಿಗೆ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದವನಿಗೆ ಸೆರೆವಾಸವನ್ನು ನ್ಯಾಯಾಲಯ ಬಿಡಬಹುದು. ಅಂಗಡಿಕಾರನಿಗೆ ಆ ವಿನಾಯಿತಿ ಸಿಗದು.

ಇನ್ನು ಮನೆಯ ಮಕ್ಕಳು. ಏಳನೆಯ ಕಟ್ಟಳೆಯನ್ನು ಜ್ಞಾನೋಪದೇಶದಲ್ಲಿ ಬಾಯಿಪಾಠ ಒಪ್ಪಿಸುವ ಹುಡುಗನೇ, ಗುರಿ ತಾನಾಗಿ ಕೂಡಿಬರುವ ‘ಚೀಟ್’ ಹಾಕಿಕೊಂಡು ಮೊಬೈಲಿನಲ್ಲಿ ಗೆಲ್ಲುತ್ತಾನೆ. 2018ರ ಅಕ್ಟೋಬರಿನಲ್ಲಿ ಶಾಂಘೈಯಲ್ಲಿ ‘ಕೌಂಟರ್ ಸ್ಟ್ರೈಕ್’ ಆಡುತ್ತಿದ್ದ ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಆಟಗಾರ ಹೀಗೆಯೇ ಸಿಕ್ಕಿಬಿದ್ದ. ಅವನಿಗೆ 5 ವರ್ಷ ನಿಷೇಧವಾಯಿತು, ಅದು ನ್ಯಾಯವೇ. ಆದರೆ ತಂಡವೇ ವಿಸರ್ಜನೆಗೊಂಡು, ಏನೂ ಅರಿಯದ ನಾಲ್ವರು ಜೊತೆಗಾರರ ಪರಿಶ್ರಮವೂ ಮಣ್ಣುಗೂಡಿತು. ದೊಡ್ಡವರೇನು ಕಡಿಮೆ? ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ 2021ರ ಜೂನ್‌ನಲ್ಲಿ ಸಹಾಯಾರ್ಥ ಚದುರಂಗದಾಟದಲ್ಲಿ ವಿಶ್ವನಾಥನ್ ಆನಂದರನ್ನು ಸೋಲಿಸಿ, ಮರುದಿನ ಗಣಕದ ನೆರವು ಪಡೆದುದನ್ನು ತಾವೇ ಒಪ್ಪಿ ಕ್ಷಮೆ ಕೇಳಿದರು. ಒಪ್ಪಿಕೊಂಡರೆಂಬುದನ್ನು ಮಕ್ಕಳಿಗೆ ಹೇಳುವಾಗ ಬಿಡಬಾರದು.

ಬಡ ಅಂಗಡಿಕಾರ ಸಾವಿರಾರು ರೂಪಾಯಿ ಎಲ್ಲಿಂದ ತರಬೇಕೆಂಬ ಪ್ರಶ್ನೆ ಸುಳ್ಳಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತ. ಬರವಣಿಗೆಗೆ ಲಿಬ್ರೆಆಫೀಸ್, ಚಿತ್ರವಿನ್ಯಾಸಕ್ಕೆ ಇಂಕ್‌ಸ್ಕೇಪ್ ಕೂಡ ಉಚಿತ. ತೊಡಕಿರುವುದು ಹಳೆಯ ಕಡತಗಳಲ್ಲಿ: ಹಿಂದಿನ ಅಕ್ಷರಶೈಲಿಗಳಲ್ಲಿರುವುದನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಬೇಕು. ನಮ್ಮ ಹಳೆಯ ಪುಟಗಳಲ್ಲಿ ಈ ಕೆಲಸ ಇನ್ನೂ ಮುಗಿದಿಲ್ಲ.