‘ಫ್ರೆಶ್’ ಪದಕ್ಕೆ ಎಷ್ಟೊಂದು ಎದುರಾಳಿಗಳು!

ಇಂಗ್ಲಿಷಿನ ‘ಫ್ರೆಶ್’ ಎಂಬ ಪುಟ್ಟ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಬಾರದವರ ಬಾಯಲ್ಲೂ ದಿನಕ್ಕೆ ನಾಲ್ಕು ಸಲ ಬಂದುಹೋಗುವ ಪದ. ಎಲ್ಲಿ, ಇದರ ವಿರುದ್ಧ ಪದ ಹೇಳಿ ನೋಡೋಣ! ಬ್ರೆಡ್ಡಿನ ಮಾತಾದರೆ ‘ಸ್ಟೇಲ್’. ಸರಿ, ಫ್ರೆಶ್ ವಾಟರ್ ಅಂದರೆ ಕೆರೆ, ಹೊಳೆಗಳ ಸಿಹಿನೀರು. ಅದಕ್ಕೆ ಎದುರು ಕಡಲಿನ ‘ಸಾಲ್ಟ್ ವಾಟರ್’. ಫ್ರೆಶ್ ತರಕಾರಿಗೆ ಎದುರು ‘ಫ್ರೋಜನ್’, ಇಲ್ಲವೇ ಡಬ್ಬಿಯಲ್ಲಿ ಬರುವ ‘ಟಿನ್ಡ್’. ಫ್ರೆಶ್ ಗಾಳಿ ಇಲ್ಲದ ಕೋಣೆ ‘ಸ್ಟಫಿ’. ನಿದ್ದೆ ಮಾಡಿ ಫ್ರೆಶ್ ಆಗಿ ಎದ್ದವನಿಗೆ ಎದುರು ‘ಟೈರ್ಡ್’. ಫ್ರೆಶ್ ಐಡಿಯಾಕ್ಕೆ ಎದುರು, ಎಲ್ಲರೂ ಬಳಸಿ ಬಳಸಿ ಸವೆಸಿದ ‘ಹ್ಯಾಕ್‌ನೀಡ್’. ಒಂದೇ ಒಂದು ಪದವನ್ನು ತಿರುವಿ ಹಾಕಿದ್ದಕ್ಕೆ ಏಳು ಪದ ಕೈಗೆ ಬಂದವು!

ಶಾಲೆಯಲ್ಲಿ ‘ವಿರುದ್ಧ ಪದ ಬರೆಯಿರಿ’ ಎಂಬ ಪ್ರಶ್ನೆಗೆ ಒಂದು ಉತ್ತರ, ಒಂದು ಅಂಕ, ಅಲ್ಲಿಗೆ ಮುಗಿಯಿತು. ಅದೊಂದು ಅಂಕದ ಹಿಂದೆ ಇಷ್ಟು ದೊಡ್ಡ ಲೋಕ ಅಡಗಿದೆ ಎಂದು ನಮಗೆ ಯಾರು ಹೇಳಿದ್ದರು?

ಈ ಲೋಕದ ಆಳವನ್ನು ಕಂಡವರಲ್ಲಿ ಒಬ್ಬ ವೈದ್ಯ ಇದ್ದಾನೆ. ಹೆಸರು ಪೀಟರ್ ಮಾರ್ಕ್ ರೋಜೆ, 1779ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತನ್ನ ಬರವಣಿಗೆಗೆ ಒದಗಲೆಂದು 1805ರಲ್ಲಿ ಒಂದು ಪದಪಟ್ಟಿ ಮಾಡಿಕೊಂಡ. ಅದು ‘ಥೆಸಾರಸ್’ ಎಂಬ ಪುಸ್ತಕವಾಗಿ ಅಚ್ಚಾದದ್ದು 1852ರಲ್ಲಿ, ಅವನಿಗೆ ಎಪ್ಪತ್ತಮೂರು ದಾಟಿದ ಮೇಲೆ! ಅದನ್ನು ಸಮಾನಾರ್ಥಕ ಪದಗಳ ಪುಸ್ತಕ ಎಂದೇ ಜಗತ್ತು ತಿಳಿದಿದೆ. ಆದರೆ ಆ ಮೊದಲ ಮುದ್ರಣದ ಪುಟವಿನ್ಯಾಸವನ್ನು ಗಮನಿಸಬೇಕು. ಎಡಗಡೆಯ ಕಾಲಂನಲ್ಲಿ ಒಂದು ಭಾವ, ಬಲಗಡೆ ಅದಕ್ಕೆ ಎದುರಾದ ಭಾವ, ಎರಡೂ ಮುಖಾಮುಖಿ! ಒಂದನೆಯ ವಿಭಾಗ ‘ಇರುವಿಕೆ’, ಎರಡನೆಯದು ‘ಇಲ್ಲದಿರುವಿಕೆ’. ಭಾಷೆಯ ಸಮಸ್ತ ಭಾವಗಳನ್ನೂ ಸಾವಿರ ವಿಭಾಗಗಳಲ್ಲಿ ಹಿಡಿಯಲು ಹೊರಟವನು ಮೊದಲ ಹೆಜ್ಜೆಯನ್ನೇ ಒಂದು ವಿರುದ್ಧ ಜೋಡಿಯ ಮೇಲೆ ಇಟ್ಟ.

ಅಷ್ಟೇ ಅಲ್ಲ. ಒಂದು ಪದಕ್ಕೆ ಒಂದೇ ಎದುರು ಇರಬೇಕಿಲ್ಲ ಎಂಬುದನ್ನೂ ಮುನ್ನುಡಿಯಲ್ಲೇ ತೋರಿಸಿಬಿಟ್ಟ. ‘ಓಲ್ಡ್’ ಪದ ವಸ್ತುವಿಗೆ ಹೊಂದಿದಾಗ ಎದುರು ‘ನ್ಯೂ’, ಜೀವಿಗೆ ಹೊಂದಿದಾಗ ‘ಯಂಗ್’. ಇನ್ನೊಂದು ಉದಾಹರಣೆಯಂತೂ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ‘ಟ್ರೂತ್’ಗೆ ಎದುರು ಯಾವುದು? ತಿಳಿವಳಿಕೆಯ ಮಟ್ಟದ ಸತ್ಯಕ್ಕೆ ಎದುರು ‘ಎರರ್’, ಅಂದರೆ ತಪ್ಪು. ಇನ್ನೊಬ್ಬರಿಗೆ ಹೇಳುವ ಸತ್ಯಕ್ಕೆ ಎದುರು ‘ಫಾಲ್ಸ್‌ಹುಡ್’, ಅಂದರೆ ಸುಳ್ಳು. ತಪ್ಪು ತಿಳಿದವನೇ ಬೇರೆ, ಸುಳ್ಳು ಹೇಳುವವನೇ ಬೇರೆ. ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಉಂಟೇ!

ಅಲ್ಲಿಂದ 1985ಕ್ಕೆ ಬನ್ನಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಮುಂದಾಳುತನದಲ್ಲಿ ‘ವರ್ಡ್‌ನೆಟ್’ ಎಂಬ ಕಂಪ್ಯೂಟರ್ ಪದಕೋಶದ ಕೆಲಸ ಶುರುವಾಯಿತು. ನಾಮಪದಗಳನ್ನು ಮೇಲಿಂದ ಕೆಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದರು. ಗುಣವಾಚಕಗಳನ್ನು? ವಿರುದ್ಧ ಜೋಡಿಗಳ ಸುತ್ತ! ಒಂದು ತುದಿಗೆ ‘ವೆಟ್’, ಇನ್ನೊಂದು ತುದಿಗೆ ‘ಡ್ರೈ’. ‘ವೆಟ್’ ಬಳಿ ‘ಡ್ಯಾಂಪ್’, ‘ಹ್ಯೂಮಿಡ್’, ‘ಡ್ರೆಂಚ್ಡ್’. ‘ಡ್ರೈ’ ಬಳಿ ‘ಏರಿಡ್’, ‘ಪಾರ್ಚ್ಡ್’. ಮಂಗಳೂರಿನ ಸೆಕೆ ‘ಹ್ಯೂಮಿಡ್’. ಮಳೆಗಾಲದಲ್ಲಿ ಒಣಗದೆ ಉಳಿದ ಬಟ್ಟೆ ‘ಡ್ಯಾಂಪ್’. ಬೇಸಿಗೆಯಲ್ಲಿ ಬಿರುಕುಬಿಟ್ಟ ರಾಯಚೂರಿನ ಹೊಲ ‘ಪಾರ್ಚ್ಡ್’. ಎರಡು ತುದಿ ಗೊತ್ತಾದರೆ ಸಾಕು, ನಡುವಿನ ಪದಗಳು ತಾವಾಗಿಯೇ ತಂತಮ್ಮ ಜಾಗ ಹುಡುಕಿಕೊಳ್ಳುತ್ತವೆ.

ಇನ್ನೂ ಒಂದು ವಿಸ್ಮಯ. ‘ಬಿಗ್’ ಮತ್ತು ‘ಲಾರ್ಜ್’ ಎರಡರ ಅರ್ಥವೂ ದೊಡ್ಡದು. ‘ಲಿಟಲ್’ ಮತ್ತು ‘ಸ್ಮಾಲ್’ ಎರಡರದೂ ಚಿಕ್ಕದು. ಆದರೂ ಇಂಗ್ಲಿಷರ ಕಿವಿಗೆ ‘ಲಾರ್ಜ್’ ಪಕ್ಕದಲ್ಲಿ ‘ಸ್ಮಾಲ್’ ಕೂರುವ ಹಾಗೆ ‘ಲಿಟಲ್’ ಕೂರುವುದಿಲ್ಲ. ವಿರುದ್ಧ ಪದಗಳು ಅರ್ಥದ ಜೋಡಿ ಮಾತ್ರವಲ್ಲ, ರೂಢಿಯ ಜೋಡಿಯೂ ಹೌದು. ಹೀಗೆ ಜೋಡಿಯಾಗಿ ಕಲಿತವರ ಇಂಗ್ಲಿಷಿಗೆ ಸಹಜತೆ ಬರುವ ಗುಟ್ಟು ಇಲ್ಲಿದೆ.

ವಿರುದ್ಧ ಪದಗಳೇ ಇಲ್ಲವಾದರೆ ಏನಾದೀತು? ಜಾರ್ಜ್ ಆರ್ವೆಲ್ 1949ರಲ್ಲೇ ಅದನ್ನು ಕಲ್ಪಿಸಿದ್ದ. ಅವನ ‘ನೈನ್ಟೀನ್ ಎಯ್ಟಿಫೋರ್’ ಕಾದಂಬರಿಯ ಸರ್ವಾಧಿಕಾರಿ ಆಡಳಿತ ನಿಘಂಟನ್ನು ವರ್ಷವರ್ಷವೂ ಕಿರಿದು ಮಾಡುತ್ತದೆ. ‘ಗುಡ್’ ಇರುವಾಗ ‘ಬ್ಯಾಡ್’ ಯಾಕೆ, ‘ಅನ್‌ಗುಡ್’ ಸಾಕು! ಯೋಚನೆಯನ್ನೇ ಕುಗ್ಗಿಸಲು ಹೊರಟವರ ಕತ್ತರಿ ಬಿದ್ದದ್ದು ವಿರುದ್ಧ ಪದಗಳ ಮೇಲೂ ಹೌದು. ಅವುಗಳ ಬೆಲೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಬರವಣಿಗೆಯಲ್ಲೂ ಈ ‘ಅನ್‌ಗುಡ್’ ಬೇರೆ ವೇಷದಲ್ಲಿ ಓಡಾಡುತ್ತದೆ. ಅದರ ಹೆಸರು ‘ನಾಟ್’. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರ ತನ್ನ ಕಿರುಪುಸ್ತಕ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ನಲ್ಲಿ ಇದಕ್ಕೆ ಮದ್ದು ಹೇಳಿದ: ‘ಡಿಡ್ ನಾಟ್ ರಿಮೆಂಬರ್’ ಬೇಡ, ‘ಫರ್ಗಾಟ್’ ಎನ್ನಿ. ಮೂರು ಪದದ ಜಾಗದಲ್ಲಿ ಒಂದು, ಅದೂ ಎಷ್ಟು ಗಟ್ಟಿ! ಆದರೆ ಎಲ್ಲ ‘ನಾಟ್’ಗಳನ್ನೂ ಹೀಗೆ ಕಣ್ಣುಮುಚ್ಚಿ ಕಿತ್ತುಹಾಕಬಾರದು. ‘ನಾಟ್ ಅಲೈವ್’ ಅಂದರೆ ‘ಡೆಡ್’, ನಡುವೆ ಏನೂ ಇಲ್ಲ. ‘ನಾಟ್ ಹಾಟ್’ ಅಂದರೆ ‘ಕೋಲ್ಡ್’ ಅಲ್ಲ. ನಡುವೆ ‘ವಾರ್ಮ್’ ಇದೆ, ‘ಟೆಪಿಡ್’ ಇದೆ, ‘ಕೂಲ್’ ಇದೆ. ಯಾವ ಜೋಡಿಯ ನಡುವೆ ಜಾಗವಿದೆ, ಯಾವುದರ ನಡುವೆ ಇಲ್ಲ ಎಂದು ಬಲ್ಲವರ ವಾಕ್ಯಕ್ಕೆ ಬೇರೆಯದೇ ನಿಖರತೆ ಬರುತ್ತದೆ.

ಇವತ್ತೇ ಶುರುಮಾಡಿ. ಹೊಸ ಇಂಗ್ಲಿಷ್ ಪದ ಸಿಕ್ಕಾಗ ಅರ್ಥದ ಜೊತೆಗೆ ಅದರ ಎದುರಾಳಿ ಯಾರು, ಎಷ್ಟು ಮಂದಿ ಎಂದೂ ಕೇಳಿ. ಮನೆಯಲ್ಲಿ ಮಕ್ಕಳಿದ್ದರೆ ‘ರಫ್’ ಪದ ಕೊಟ್ಟು ನೋಡಿ: ರಫ್ ಬಟ್ಟೆ, ರಫ್ ಕಡಲು, ರಫ್ ಮಾತು, ರಫ್ ಲೆಕ್ಕ. ನಾಲ್ಕಕ್ಕೂ ಬೇರೆ ಬೇರೆ ಎದುರು ಸಿಗುತ್ತವೆ.